ತಾತಯ್ಯನ ಪದ ಹಾಡಿದ್ದಕ್ಕೆ ಕಾಪಿರೈಟ್ ಕ್ಲೈಮ್ ಬಂದಿದೆ, ಏನ್ಮಾಡೋದು?

ಪ್ರಶ್ನೆ: ಸರ್ ನಮಸ್ತೆ. ನಮ್ದು ಚಿಂತಾಮಣಿ ತಾಲ್ಲೂಕು, ಕೈವಾರಕ್ಕೆ ಹತ್ತಿರದ ಒಂದು ಹಳ್ಳಿ. ಒಂಬತ್ತು ಜನರ ಭಜನೆ ತಂಡ ಇದೆ. ಗುರುಪೂರ್ಣಿಮೆ ಟೈಮಲ್ಲಿ ಕೈವಾರದ ಸಂತ ನಾರೇಯಣ ತಾತಯ್ಯನವರ ನಾಲ್ಕು ಪದ ಹಾಡಿ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದ್ವಿ. ಎರಡನೇ ದಿನಕ್ಕೇ ಒಂದು ಪದದ ಮೇಲೆ ಕಾಪಿರೈಟ್ ಕ್ಲೈಮ್ ಬಂತು, ಯಾವುದೋ ಮ್ಯೂಸಿಕ್ ಕಂಪನಿ, ಹೆಸರೇ ಕೇಳಿಲ್ಲ ನಾವು. ಜಾಹೀರಾತಿನ ದುಡ್ಡೆಲ್ಲ ಅವರಿಗೆ ಹೋಗುತ್ತಂತೆ. ತಾತಯ್ಯನ ಪದಕ್ಕೂ ಮಾಲೀಕರು ಇರ್ತಾರಾ ಸರ್? ಡಿಸ್ಪ್ಯೂಟ್, ಅಂದ್ರೆ ತಕರಾರು, ಹಾಕಿದ್ರೆ ಚಾನೆಲ್ಲೇ ಹೋಗ್ಬಿಡುತ್ತೆ ಅಂತ ಎಲ್ರೂ ಹೆದರಿಸ್ತಿದಾರೆ. ಇನ್ನೊಂದು, ನಮ್ಮಪ್ಪ ಸೇರಿಸಿಟ್ಟಿದ್ದ ನಲವತ್ತು ಕ್ಯಾಸೆಟ್ ಮನೇಲಿವೆ, ಅವನ್ನ ಡಿಜಿಟಲ್ ಮಾಡಿ ಹಾಕಬಹುದಾ?

ಉತ್ತರ: ಮೊದಲು ನಿಮ್ಮ ಮನಸ್ಸಿಗೆ ಸಮಾಧಾನ ಆಗೋ ಮಾತು ಹೇಳ್ಬಿಡ್ತೀನಿ. ತಾತಯ್ಯನ ಪದಕ್ಕೆ ಮಾಲೀಕರು ಯಾರೂ ಇಲ್ಲ. ನಾರೇಯಣ ತಾತಯ್ಯನವರು 1726ರಲ್ಲಿ ಹುಟ್ಟಿ 1836ರಲ್ಲಿ ಸಮಾಧಿಯಾದ್ರು ಅಂತ ನಿಮ್ಮ ಕಡೆ ಮಕ್ಕಳಿಗೂ ಗೊತ್ತು. ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ರದ್ದು, ಅದರ ಪ್ರಕಾರ ಬರೆದವರು ತೀರಿಕೊಂಡು 60 ವರ್ಷ ಕಳೀತು ಅಂದ್ರೆ ಆ ಸಾಹಿತ್ಯ ಎಲ್ಲರದ್ದು. ಇಲ್ಲಿ ಲೆಕ್ಕ ಹಾಕೋದೇ ಬೇಡ. ತೆಲುಗಿನ ಪದ ಆಗ್ಲಿ ಕನ್ನಡದ ಪದ ಆಗ್ಲಿ, ಅವನ್ನ ಯಾರು ಬೇಕಾದ್ರೂ ಹಾಡಬಹುದು, ಅಚ್ಚು ಹಾಕಿಸಬಹುದು, ರೆಕಾರ್ಡ್ ಮಾಡಿ ಮಾರಲೂಬಹುದು, ಯಾರ ಪರ್ಮಿಷನ್ನೂ ಬೇಕಿಲ್ಲ.

ಆದ್ರೆ ಇಷ್ಟು ಓದಿದ ತಕ್ಷಣ ಹೋಗಿ ಡಿಸ್ಪ್ಯೂಟ್ ಬಟನ್ ಒತ್ತಬೇಡಿ, ಸ್ವಲ್ಪ ತಡೀರಿ. ನಾವು ಬಾಯಲ್ಲಿ 'ಒಂದು ಹಾಡು' ಅಂತೀವಿ, ಕಾನೂನಿನ ಕಣ್ಣಿಗೆ ಅದು ಒಂದಲ್ಲ ಮೂರು. ಮಾತು (ಸಾಹಿತ್ಯ) ಬೇರೆ, ದಾಟಿ (ಹಾಡೋ ರಾಗ) ಬೇರೆ, ರೆಕಾರ್ಡಿಂಗ್ ಬೇರೆ. ಮೂರಕ್ಕೂ ಬೇರೆ ಬೇರೆ ಹಕ್ಕು, ಬೇರೆ ಬೇರೆ ಮಾಲೀಕರು ಇರಬಹುದು, ಅವಧಿ ಮುಗಿಯೋದೂ ಬೇರೆ ಬೇರೆ ವರ್ಷಕ್ಕೆ. ಮಾತಿಗೂ ದಾಟಿಗೂ ಅದನ್ನ ಮಾಡಿದವರ ಜೀವಮಾನ ಮತ್ತೆ ಅದಾದ ಮೇಲೆ 60 ವರ್ಷ, ರೆಕಾರ್ಡಿಂಗಿಗೆ ಅದು ಹೊರಬಂದ ಮೇಲೆ 60 ವರ್ಷ. ಹಳೇದು ಅನ್ನಿಸಿದ್ದೆಲ್ಲ ಫ್ರೀ ಅಂತ ತಿಳ್ಕೊಳ್ಳೋಕೂ ಆಗಲ್ಲ. ನಿಮ್ಮ ಪಕ್ಕದ ಮುಳಬಾಗಿಲಿನವರೇ ಆದ ಡಿವಿಜಿ 1975ರಲ್ಲಿ ತೀರಿಕೊಂಡ್ರು, ಅಂದ್ರೆ ಅವರ ಕಗ್ಗದ ಮೇಲೆ 2035ರ ಕೊನೇವರೆಗೂ ಹಕ್ಕು ಇರುತ್ತೆ. ಎಷ್ಟೋ ಜನ ಅದನ್ನ ದಾಸರ ಪದದಷ್ಟೇ ಹಳೇದು ಅನ್ನೋ ಹಾಗೆ ಹಾಡಿ ಹಾಕ್ತಿರ್ತಾರೆ.

ನಿಮ್ಮ ವಿಷಯದಲ್ಲಿ ಮಾತು ಕ್ಲಿಯರ್. ರೆಕಾರ್ಡಿಂಗ್ ನಿಮ್ದೇ, ನೀವೇ ಕೂತು ಹಾಡಿದೀರಿ, ಅದರ ಮೇಲೆ ನಿಮಗೇ ಹಕ್ಕು ಹುಟ್ಟಿದೆ, ನಮ್ಮ ದೇಶದಲ್ಲಿ ಇದಕ್ಕೆ ರಿಜಿಸ್ಟ್ರೇಷನ್ ಕಡ್ಡಾಯ ಅಲ್ಲ. ಉಳಿದಿದ್ದು ದಾಟಿ. ಇದನ್ನ ನೀವೇ ಮನಸ್ಸು ಮುಟ್ಟಿ ನೋಡ್ಕೋಬೇಕು. ಆ ಪದದ ದಾಟಿ ನಿಮ್ಮ ತಂಡಕ್ಕೆ ಎಲ್ಲಿಂದ ಬಂತು? ನಿಮ್ಮಪ್ಪ ತಾತಂದಿರ ಭಜನೆಯಿಂದ ಬಾಯಿಂದ ಬಾಯಿಗೆ ಬಂದಿದ್ರೆ ಭಯವೇ ಬೇಡ, ಅದು ಊರಿನದ್ದು. ಆದ್ರೆ ಎಂಬತ್ತು ತೊಂಬತ್ತರ ದಶಕದಲ್ಲಿ ಕ್ಯಾಸೆಟ್ ಕಂಪನಿಗಳು ತತ್ವಪದ, ದಾಸರ ಪದ, ವಚನ ಎಲ್ಲಕ್ಕೂ ಸಂಗೀತ ನಿರ್ದೇಶಕರನ್ನ ಕೂರಿಸಿ ಹೊಸಾ ರಾಗ ಹಾಕಿಸಿ ಹೊರಗೆ ಬಿಟ್ವು, ಅವು ಬಸ್ಸಲ್ಲಿ, ಹೋಟೆಲ್ಲಲ್ಲಿ, ದೇವಸ್ಥಾನದ ಮೈಕಲ್ಲಿ ಹಗಲೂ ರಾತ್ರಿ ಮೊಳಗಿ ಮೊಳಗಿ ಹಳ್ಳಿಯ ಭಜನೆ ತಂಡಗಳು ತಮ್ಮ ಹಳೇ ದಾಟಿ ಬಿಟ್ಟು ಕ್ಯಾಸೆಟ್ ದಾಟಿಗೇ ಬಂದ್ಬಿಟ್ವು. ತುಮಕೂರಲ್ಲಿ ಬಿ.ಎಚ್. ರೋಡ್ ಹತ್ರ ಸಣ್ಣ ರೆಕಾರ್ಡಿಂಗ್ ರೂಮ್ ಇಟ್ಕೊಂಡು ನಾನು ಮುವ್ವತ್ತು ವರ್ಷದಿಂದ ಇದನ್ನ ಕಿವಿಯಾರೆ ಕೇಳಿದೀನಿ. ಪಾವಗಡ ಕಡೆಯ ತಂಡ, ಕುಣಿಗಲ್ ಕಡೆಯ ತಂಡ ಬೇರೆ ಬೇರೆ ದಿನ ಬಂದು ಒಂದೇ ಪದಾನ ಒಂದೇ ಕ್ಯಾಸೆಟ್ಟಿನ ದಾಟಿಯಲ್ಲಿ, ನಡುವಿನ ಕೊಳಲಿನ ತುಣುಕು ಸಮೇತ ಬಾಯಲ್ಲಿ ಹಾಡ್ತಾರೆ, ಕೇಳಿದ್ರೆ 'ನಮ್ಮ ಹಿರೀಕರ ದಾಟಿ ಸಾ' ಅಂತಾರೆ, ಸುಳ್ಳು ಹೇಳ್ತಿಲ್ಲ ಅವ್ರು, ನಿಜವಾಗ್ಲೂ ಹಾಗೇ ನಂಬಿರ್ತಾರೆ.

ಅದಕ್ಕೇ ಒಂದು ಕೆಲಸ ಮಾಡಿ. ಊರಲ್ಲಿ ಎಪ್ಪತ್ತೈದು ಎಂಬತ್ತು ದಾಟಿದ ಹಿರಿಯರು ಯಾರಾದ್ರೂ ಇದ್ರೆ ಅವರ ಹತ್ರ ಹೋಗಿ ಅದೇ ಪದ ಹಾಡಿಸಿ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಯಾರಿಂದ ಕಲಿತ್ರಿ ಎಷ್ಟನೇ ವಯಸ್ಸಲ್ಲಿ ಅಂತಾನೂ ಕೇಳಿ. ದಾಟಿ ಒಂದೇ ಆಗಿದ್ರೆ ನಿಮ್ಮ ಕೈಲಿ ಗಟ್ಟಿ ಸಾಕ್ಷಿ ಇದ್ದಂಗೆ. ದಾಟಿ ಕ್ಯಾಸೆಟ್ಟಿಂದ ಬಂದಿದ್ದು ಅಂತ ಗೊತ್ತಾದ್ರೆ ಆ ಒಂದು ಪದದ ಮೇಲೆ ಜಗಳ ಬೇಡ, ಆ ರಾಗ ಕಟ್ಟಿದವರೂ ದುಡಿದೇ ತಿಂದವರು, ಅವರ ಹಕ್ಕನ್ನ ಒಪ್ಕೊಳ್ಳೋಣ. ಕಾಯ್ದೆಯಲ್ಲಿ ಕವರ್ ವರ್ಷನ್ನಿಗೆ (ಬೇರೆಯವರ ಹಾಡನ್ನ ನಾವು ಮತ್ತೆ ಹಾಡೋದಕ್ಕೆ) ಲೈಸೆನ್ಸ್ ಅಂತ ಒಂದು ದಾರಿ ಏನೋ ಇದೆ, 31ಸಿ ಸೆಕ್ಷನ್, ಮೂಲ ರೆಕಾರ್ಡಿಂಗ್ ಬಂದು ಐದು ವರ್ಷ ಆಗಿರ್ಬೇಕು, ಮುಂಗಡ ನೋಟಿಸ್ ಕೊಡ್ಬೇಕು, ಆಮೇಲೆ ವರ್ಷಕ್ಕೆ ಕಡಿಮೆ ಅಂದ್ರೂ 50,000 ಪ್ರತಿಗಳ ರಾಯಲ್ಟಿ ಕಟ್ಟಬೇಕು. ಒಂಬತ್ತು ಜನರ ಭಜನೆ ತಂಡಕ್ಕೆ ಇದು ಆಗೋ ಹೋಗೋ ಮಾತಲ್ಲ, ಇದನ್ನ ಬರೆದವರ ಕಣ್ಣಲ್ಲಿ ಇದ್ದಿದ್ದು ಕ್ಯಾಸೆಟ್ ಸಿಡಿ ಮಾರೋ ಕಂಪನಿಗಳು ಮಾತ್ರ.

ಈಗ ಆ ಕ್ಲೈಮ್ ಯಾಕೆ ಬಂತು ಅಂತ ನೋಡೋಣ. ಕಂಪನಿಯವರು ಯಾರೋ ಕೂತು ನಿಮ್ಮ ಪದ ಕೇಳಿ ಕಂಪ್ಲೇಂಟ್ ಕೊಟ್ಟಿದಾರೆ ಅಂತ ತಿಳ್ಕೋಬೇಡಿ. ಯೂಟ್ಯೂಬಿನ ಕಂಟೆಂಟ್ ಐಡಿ ಅನ್ನೋ ಮಿಷನ್ ಮಾಡಿದ ಕೆಲಸ ಅದು. ಕಂಪನಿಯವರು ಹಾಡಿನ ಫೈಲ್ ಕೊಟ್ರೆ ಅದು ಆ ಶಬ್ದದ ಬೆರಳಚ್ಚು ತಗೊಂಡು ಇಟ್ಕೊಳ್ಳುತ್ತೆ, ಮುಂದೆ ಯಾರೇ ಅಪ್‌ಲೋಡ್ ಮಾಡಿದ್ರೂ ಹೋಲಿಸಿ ನೋಡುತ್ತೆ, ಹೋಲಿಕೆ ಕಂಡ್ರೆ ಫೈಲ್ ಕೊಟ್ಟವನ ಹೆಸರಲ್ಲಿ ಕ್ಲೈಮ್ ಹಾಕುತ್ತೆ. ಬರೀ ರೆಕಾರ್ಡಿಂಗ್ ಅಲ್ಲ, ದಾಟಿಯ ಹೋಲಿಕೆಯನ್ನೂ ಹಿಡಿಯುತ್ತೆ. ಪದ ಬರೆದವರು ಯಾರು, ಯಾವಾಗ ಇದ್ರು, ಇದ್ಯಾವುದೂ ಅದಕ್ಕೆ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಫೈಲ್ ಮೊದಲು ಯಾರು ಕೊಟ್ರು ಅನ್ನೋದೊಂದೇ.

ಇದು ಹುಟ್ಟಿದ ಕಥೆ ತಿಳ್ಕೊಂಡ್ರೆ ಯಾರಿಗೋಸ್ಕರ ಕಟ್ಟಿದ್ದು ಅನ್ನೋದು ಅರ್ಥ ಆಗುತ್ತೆ. 2006ರಲ್ಲಿ ಗೂಗಲ್ 165 ಕೋಟಿ ಡಾಲರ್ ಕೊಟ್ಟು ಯೂಟ್ಯೂಬ್ ಕೊಂಡ್ಕೊಳ್ತು, ಮಾರನೇ ವರ್ಷವೇ ವಯಾಕಾಮ್ ಅನ್ನೋ ಅಮೆರಿಕಾದ ಟಿವಿ ಕಂಪನಿ ನಮ್ಮ ಪ್ರೋಗ್ರಾಂಗಳನ್ನ ಕದ್ದು ಹಾಕಿದಾರೆ ಅಂತ 100 ಕೋಟಿ ಡಾಲರಿಗೆ ಕೇಸ್ ಹಾಕ್ತು. ಆ 2007ರಲ್ಲೇ ಕಂಟೆಂಟ್ ಐಡಿ ಬಂದಿದ್ದು. ದೊಡ್ಡ ಕಂಪನಿಗಳ ಬಾಯಿ ಮುಚ್ಚಿಸಿ ದುಡ್ಡಲ್ಲಿ ಪಾಲು ಕೊಡೋ ವ್ಯವಸ್ಥೆ ಇದು, ಅವರವರಿಗೆ ಚೆನ್ನಾಗೇ ನಡೀತಿದೆ. ಯೂಟ್ಯೂಬಿನವರೇ ಹೊರಗೆ ಬಿಟ್ಟ ಲೆಕ್ಕದಲ್ಲಿ 2021ರ ಮೊದಲ ಆರು ತಿಂಗಳಲ್ಲಿ 72 ಕೋಟಿಗೂ ಮೇಲೆ ಕ್ಲೈಮ್ ಬಿದ್ದಿವೆ, ಅದರಲ್ಲಿ ಡಿಸ್ಪ್ಯೂಟ್ ಆಗಿದ್ದು ಸುಮಾರು 37 ಲಕ್ಷ, ನೂರಕ್ಕೆ ಅರ್ಧ ಅಷ್ಟೇ. ನೋಡಿ ಎಲ್ಲರೂ ಒಪ್ಕೊಂಡಿದಾರೆ ಅಂತ ಅವರು ಹೇಳ್ತಾರೆ. ನಾನು ಅದನ್ನ ಒಪ್ಪಲ್ಲ. ಡಿಸ್ಪ್ಯೂಟ್ ಮಾಡಿದವರಲ್ಲಿ ನೂರಕ್ಕೆ ಅರವತ್ತು ಜನ ಗೆದ್ದಿದಾರೆ, ಅದೂ ಅವರದ್ದೇ ಲೆಕ್ಕ. ಮಾಡದೇ ಸುಮ್ಮನಾದವರಲ್ಲಿ ತಪ್ಪು ಒಪ್ಕೊಂಡವರು ಎಷ್ಟೋ, ನಿಮ್ಮ ಥರ ಚಾನೆಲ್ ಹೋಗುತ್ತೆ ಅಂತ ಹೆದರಿ ಬಿಟ್ಟವರು ಎಷ್ಟೋ.

ಇದು ನಮ್ಮ ಹಳ್ಳಿಯವರಿಗೆ ಮಾತ್ರ ಆಗ್ತಿರೋದೂ ಅಲ್ಲ. ಬ್ರಿಟನ್ನಿನ ಪಿಯಾನೋ ವಾದಕ ಜೇಮ್ಸ್ ರೋಡ್ಸ್ 2018ರಲ್ಲಿ ಜರ್ಮನಿಯ ಹಳೇ ಸಂಗೀತಗಾರ ಬಾಕ್‌ನ ಕೃತಿ ತಾವೇ ನುಡಿಸಿ ಫೇಸ್‌ಬುಕ್ಕಿಗೆ ಹಾಕಿದ್ರೆ ಅದರಲ್ಲಿ 47 ಸೆಕೆಂಡ್ ಸೋನಿ ಮ್ಯೂಸಿಕ್ಕಿನದು ಅಂತ ಕ್ಲೈಮ್ ಬಂತು, ಡಿಸ್ಪ್ಯೂಟ್ ಮಾಡಿದ್ರೆ ಮೊದಲು ಅದನ್ನೂ ತಳ್ಳಿ ಹಾಕಿದ್ರು, ಅವರು ಎಲ್ಲರಿಗೂ ಗೊತ್ತಾಗೋ ಹಾಗೆ ಕೂಗಿದ ಮೇಲೆ ಬಿಟ್ರು. ಬಾಕ್ ತೀರಿಕೊಂಡಿದ್ದು 1750ರಲ್ಲಿ, ಆಗ ನಮ್ಮ ತಾತಯ್ಯನವರಿಗೆ ಇಪ್ಪತ್ನಾಲ್ಕು ವಯಸ್ಸು. ಇನ್ನು ಬೇಕಂತಲೇ ಮೋಸ ಮಾಡೋರೂ ಇದಾರೆ. ಅಮೆರಿಕಾದ ಅರಿಜೋನದಲ್ಲಿ ಇಬ್ಬರು ತಮ್ಮದಲ್ಲದ 50,000ಕ್ಕೂ ಹೆಚ್ಚು ಸ್ಪ್ಯಾನಿಷ್ ಹಾಡುಗಳನ್ನ ತಮ್ಮದು ಅಂತ ಇದೇ ವ್ಯವಸ್ಥೆಯೊಳಗೆ ಸೇರಿಸಿ 2 ಕೋಟಿ ಡಾಲರಿಗೂ ಮೇಲೆ ದುಡ್ಡು ಎತ್ತಿದ್ರು, 2021ರಲ್ಲಿ ಕೇಸಾಗಿ ಆಮೇಲೆ ಜೈಲಾಯ್ತು. ಅಷ್ಟು ವರ್ಷ ಆ ದುಡ್ಡು ಬಿಟ್ಟುಕೊಟ್ಟ ನಿಜವಾದ ಹಾಡುಗಾರರ ಬಗ್ಗೆ ಯೋಚನೆ ಮಾಡಿದ್ರೆ ಹೊಟ್ಟೆ ಉರಿಯುತ್ತೆ.

ಡಿಸ್ಪ್ಯೂಟ್ ಮಾಡೋಕೆ ಮುಂಚೆ ಇನ್ನೊಂದು ಚೆಕ್ ಮಾಡಿ. ಶ್ರುತಿಗೆ ಮೊಬೈಲ್ ಆ್ಯಪ್ ತಂಬೂರಿ ಇಟ್ಕೊಂಡಿದ್ರಾ, ಅಥವಾ ತಾಳಕ್ಕೆ ಕೀಬೋರ್ಡಿನ ರೆಡಿಮೇಡ್ ರಿದಮ್ ಹಾಕಿದ್ರಾ? ಒಂದೇ ತಂಬೂರಿ ಆ್ಯಪನ್ನ ಸಾವಿರಾರು ಜನ ಬಳಸ್ತಾರೆ, ಅದರಲ್ಲಿ ಯಾರೋ ಒಬ್ಬರು ತಮ್ಮ ಆಲ್ಬಮ್ಮನ್ನ ಕಂಟೆಂಟ್ ಐಡಿಗೆ ಸೇರಿಸಿಬಿಟ್ರೆ ಆ ತಂಬೂರಿ ಶಬ್ದ ಕೇಳಿದ ಕಡೆಯೆಲ್ಲ ಮಿಷನ್ ಕ್ಲೈಮ್ ಹಾಕ್ಕೊಂಡು ಹೋಗುತ್ತೆ. ಹಾಗೆ ಎಲ್ಲರೂ ಬಳಸೋ ರೆಡಿಮೇಡ್ ಶಬ್ದದ ತುಣುಕನ್ನ (ಲೂಪ್) ಸೇರಿಸಬಾರದು ಅಂತ ಯೂಟ್ಯೂಬಿನ ರೂಲ್ಸಲ್ಲೇ ಇದೆ, ಯಾರು ಓದ್ತಾರೆ ಹೇಳಿ. ಕ್ಲೈಮಿನ ವಿವರದಲ್ಲಿ ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷಕ್ಕೆ ಹೋಲಿಕೆ ಅಂತ ತೋರಿಸಿರ್ತಾರೆ, ಅಲ್ಲಿ ಬರೀ ಶ್ರುತಿ ಇದ್ಯಾ ಇಲ್ಲಾ ಹಾಡು ಇದ್ಯಾ ಕೇಳಿ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಇನ್ನು ನಿಮ್ಮ ಭಯದ ವಿಷಯ. ಕ್ಲೈಮ್ ಬೇರೆ, ಸ್ಟ್ರೈಕ್ (ವಿಡಿಯೋ ತೆಗೆಸಿದಾಗ ಚಾನೆಲ್ ಮೇಲೆ ಬೀಳೋ ಎಚ್ಚರಿಕೆ) ಬೇರೆ. ಈಗ ಬಂದಿರೋದು ಕ್ಲೈಮ್, ಇದರಿಂದ ಚಾನೆಲ್ಲಿಗೆ ಏನೂ ಆಗಲ್ಲ, ಆ ವಿಡಿಯೋದ ದುಡ್ಡು ಅವರ ಕಡೆ ತಿರುಗುತ್ತೆ ಅಷ್ಟೇ. 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ರೆ ಮಾತ್ರ ಚಾನೆಲ್ ಹೋಗೋದು. ನೀವು ಡಿಸ್ಪ್ಯೂಟ್ ಹಾಕಿದ ಮೇಲೆ ಆ ಕಂಪನಿಗೆ 30 ದಿನ ಟೈಮ್, ಅಷ್ಟರಲ್ಲಿ ಉತ್ತರ ಕೊಡದೇ ಇದ್ರೆ ಕ್ಲೈಮ್ ತಾನಾಗೇ ಬಿದ್ದುಹೋಗುತ್ತೆ, ನಾನು ಹಾಕಿಸಿಕೊಟ್ಟಿರೋದರಲ್ಲಿ ಹೆಚ್ಚಿನವು ಹೀಗೇ ಬಿದ್ದಿವೆ. ಅವರು ತಿರಸ್ಕಾರ ಮಾಡಿದ್ರೆ ಅಪೀಲ್ ಹಾಕಬಹುದು, ಅದಕ್ಕೆ ಅವರಿಗೆ 7 ದಿನ. ಅದನ್ನೂ ತಿರಸ್ಕಾರ ಮಾಡಿ ವಿಡಿಯೋ ತೆಗೆಸಿದ್ರೆ ಆಗ ಒಂದು ಸ್ಟ್ರೈಕ್ ಬರುತ್ತೆ, ಅದಕ್ಕೆ ನೀವು ಪ್ರತಿ ನೋಟಿಸ್ ಕೊಟ್ರೆ 10 ಕೆಲಸದ ದಿನದೊಳಗೆ ಅವರು ಕೋರ್ಟಿಗೆ ಹೋಗಿರೋದಕ್ಕೆ ದಾಖಲೆ ತೋರಿಸ್ಬೇಕು, ಇಲ್ಲಾಂದ್ರೆ ವಿಡಿಯೋ ವಾಪಸ್. ಮೊದಲ ಡಿಸ್ಪ್ಯೂಟಿಗೇ ನೇರ ವಿಡಿಯೋ ತೆಗೆಸೋ ಅಧಿಕಾರವೂ ಅವರಿಗಿದೆ, ಅದನ್ನ ಮುಚ್ಚಿಡಲ್ಲ. ಆದ್ರೆ 1836ರಲ್ಲಿ ಸಮಾಧಿಯಾದವರ ಪದಕ್ಕೋಸ್ಕರ ಕೋರ್ಟ್ ಮೆಟ್ಟಿಲು ಹತ್ತೋ ಕಂಪನಿ ನಾನಂತೂ ನೋಡಿಲ್ಲ. ಮತ್ತೆ ಸುಮ್ಮಸುಮ್ಮನೆ ಕೇಸ್ ಹಾಕ್ತೀವಿ ಅಂತ ಹೆದರಿಸೋರ ಮೇಲೆ ನಾವೇ ಕೋರ್ಟಿಗೆ ಹೋಗೋಕೆ ಕಾಯ್ದೆಯ 60ನೇ ಸೆಕ್ಷನ್ ಇದೆ.

ಕ್ಲೈಮ್ ಬಂದ 5 ದಿನದೊಳಗೆ ಡಿಸ್ಪ್ಯೂಟ್ ಹಾಕಿದ್ರೆ ಮೊದಲ ದಿನದಿಂದ ಬಂದ ದುಡ್ಡನ್ನ ಯಾರಿಗೂ ಕೊಡದೇ ಹಿಡಿದಿಡ್ತಾರೆ, ತೀರ್ಮಾನ ಆದ ಮೇಲೆ ಗೆದ್ದವರಿಗೆ. ಕಾರಣ ಕೇಳೋ ಕಡೆ ಪಬ್ಲಿಕ್ ಡೊಮೈನ್ (ಎಲ್ಲರದ್ದು) ಅನ್ನೋದನ್ನ ಆರಿಸಿ, ವಿವರದಲ್ಲಿ ಕತೆ ಪುರಾಣ ಬೇಡ, ಬೈಗುಳವಂತೂ ಬೇಡವೇ ಬೇಡ. 'ಈ ಪದವನ್ನು ಬರೆದವರು ಕೈವಾರದ ನಾರೇಯಣ ತಾತಯ್ಯನವರು, 1836ರಲ್ಲಿ ಸಮಾಧಿಯಾದವರು. ದಾಟಿ ಸಾಂಪ್ರದಾಯಿಕ. ಹಾಡಿದವರು, ನುಡಿಸಿದವರು, ರೆಕಾರ್ಡ್ ಮಾಡಿದವರು ನಾವೇ. ಇಂತಾ ದಿನ ಇಂತಾ ಜಾಗದಲ್ಲಿ ಮಾಡಿದ ರೆಕಾರ್ಡಿಂಗಿನ ಮೂಲ ಫೈಲ್ ನಮ್ಮ ಹತ್ತಿರ ಇದೆ.' ಇಷ್ಟು ಸಾಕು, ಇದನ್ನೇ ಯಾರ ಕೈಲಾದ್ರೂ ಇಂಗ್ಲಿಷಿಗೆ ಮಾಡಿಸಿ ಅದನ್ನೂ ಕೆಳಗೆ ಹಾಕಿ. ಮೂಲ ಫೈಲನ್ನ ದಯವಿಟ್ಟು ಡಿಲೀಟ್ ಮಾಡಬೇಡಿ, ಎಷ್ಟೋ ತಂಡಗಳು ಅಪ್‌ಲೋಡ್ ಆಯ್ತಲ್ಲ ಅಂತ ಮೊಬೈಲಲ್ಲಿ ಜಾಗ ಖಾಲಿ ಮಾಡ್ಬಿಡ್ತಾರೆ, ಆಮೇಲೆ ನಮ್ದು ಅಂತ ತೋರಿಸೋಕೆ ಏನೂ ಇರಲ್ಲ.

ಈ ವಿಷಯ ನನಗೆ ಇಷ್ಟು ಹತ್ತಿರ ಆಗೋಕೆ ಒಂದು ಕಾರಣ ಇದೆ. ಗುಬ್ಬಿ ತಾಲ್ಲೂಕಿನ ಒಬ್ಬ ಹಿರಿಯ ತತ್ವಪದಕಾರರು, ಏಕತಾರಿ ಹಿಡ್ಕೊಂಡು ಕೂತ್ರೆ ಬೆಳಗಾಗೋವರೆಗೂ ಹಾಡೋರು, ತೊಂಬತ್ತರ ದಶಕದಲ್ಲಿ ಒಂದು ಕ್ಯಾಸೆಟ್ ಕಂಪನಿಗೆ ಎಂಟು ಪದ ಹಾಡಿಕೊಟ್ರು. ಕೈಗೆ ಒಂದಷ್ಟು ಸಾವಿರ, ಒಂದು ಶಲ್ಯ, ಇಂಗ್ಲಿಷಲ್ಲಿ ಟೈಪ್ ಮಾಡಿದ ಎರಡು ಹಾಳೆಗೆ ಹೆಬ್ಬೆಟ್ಟು. ಅವರು ಹೋಗಿ ವರ್ಷಗಳಾದ ಮೇಲೆ ಮೊಮ್ಮಗ ಅದೇ ಪದಾನ ಅಜ್ಜ ಕಲಿಸಿದ ದಾಟಿಯಲ್ಲಿ ಹಾಡಿ ಹಾಕಿದ್ರೆ ಅವನ ಮೇಲೇ ಕ್ಲೈಮ್ ಬಂತು. ಆ ಹುಡುಗ ನನ್ನ ರೂಮಲ್ಲಿ ಕೂತು 'ನಮ್ಮಜ್ಜನ ಪದ ನಾನು ಕದ್ದೆ ಅಂತಾರಲ್ಲ ಅಣ್ಣಾ' ಅಂದಿದ್ದು ಇನ್ನೂ ಕಿವಿಯಲ್ಲಿದೆ. ಡಿಸ್ಪ್ಯೂಟ್ ಗೆದ್ವಿ, 22 ದಿನ ಹಿಡೀತು. ಗೆದ್ದ ಮೇಲೂ ಅವನು ಎಷ್ಟೋ ದಿನ ಏನೂ ಹಾಡಿ ಹಾಕಲಿಲ್ಲ. ಟೆಕ್ ಕಂಪನಿಗಳ ಮೇಲೆ ನನ್ನ ದೊಡ್ಡ ದೂರು ಇದೇ. ಮಿಷನ್ ತಪ್ಪು ಮಾಡುತ್ತೆ, ಮಾಡ್ಲಿ, ದಿನಕ್ಕೆ ಬರೋ ಅಷ್ಟು ವಿಡಿಯೋಗಳನ್ನ ಮನುಷ್ಯರು ಕೂತು ನೋಡೋಕಾಗಲ್ಲ ಅನ್ನೋದು ನನಗೂ ಗೊತ್ತು. ಆದ್ರೆ ತಪ್ಪು ಕ್ಲೈಮ್ ಹಾಕಿದವನಿಗೆ ಖರ್ಚಿಲ್ಲ, ತಪ್ಪು ಅಂತ ಸಾಬೀತು ಮಾಡೋ ಹೊರೆ ಪೂರ್ತಿ ಹಾಡಿದವನ ತಲೆ ಮೇಲೆ. ಫೈಲ್ ಒಳಗೆ ತಗೊಳ್ಳೋವಾಗ 'ಇದರ ಸಾಹಿತ್ಯ ಯಾರದ್ದು, ದಾಟಿ ಯಾರದ್ದು' ಅಂತ ಎರಡು ಪ್ರಶ್ನೆ ಕಡ್ಡಾಯವಾಗಿ ಕೇಳಿದ್ರೆ ಇದರಲ್ಲಿ ಎಷ್ಟೋ ಕಡಿಮೆ ಆಗುತ್ತೆ.

ನಾಳೆ ನಿಮ್ಮ ತಂಡದ ಹತ್ರಾನೂ ಯಾರಾದ್ರೂ ಕಾಗದ ಹಿಡ್ಕೊಂಡು ಬರಬಹುದು. ಈಗಿನ ಕಾಯ್ದೆಯಲ್ಲಿ ಕಲಾವಿದರ ಪರ ಒಳ್ಳೇ ಅಂಶಗಳಿವೆ, ಒಪ್ಪಂದದಲ್ಲಿ ಎಷ್ಟು ವರ್ಷ ಅಂತ ಬರೀದೇ ಇದ್ರೆ ಐದೇ ವರ್ಷ ಅಂತ ಅರ್ಥ, ಯಾವ ಜಾಗ ಅಂತ ಬರೀದೇ ಇದ್ರೆ ಭಾರತ ಮಾತ್ರ. 2012ರ ತಿದ್ದುಪಡಿ ಆದ ಮೇಲೆ ಸಿನಿಮಾ ಹಾಡಾದ್ರೂ ಥಿಯೇಟರ್ ಬಿಟ್ಟು ಬೇರೆ ಕಡೆ ಬಳಸಿದ್ರೆ ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿಯಲ್ಲಿ ಪಾಲು ಕೊಡ್ಲೇಬೇಕು, ಬಿಟ್ಟುಕೊಟ್ಟೆ ಅಂತ ಬರೆಸ್ಕೊಂಡ್ರೂ ಅದು ನಡೆಯಲ್ಲ. ಆದ್ರೆ ಕಾಗದ ತರೋರೂ ಇದನ್ನೆಲ್ಲ ಓದಿಕೊಂಡೇ ಬಂದಿರ್ತಾರೆ, 'ಶಾಶ್ವತವಾಗಿ, ಜಗತ್ತಿನಾದ್ಯಂತ, ಈಗಿರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮಗಳಲ್ಲಿ' ಅನ್ನೋ ಸಾಲು ಕಂಡ್ರೆ ಸಹಿ ಹಾಕಬೇಡಿ, ಕನ್ನಡದಲ್ಲಿ ಬರೆಸಿಕೊಡಿ ಅಂತ ಕೇಳಿ. ನೀವೇ ಸ್ಪಾಟಿಫೈ ಮುಂತಾದ ಹಾಡು ಕೇಳೋ ಆ್ಯಪ್‌ಗಳಿಗೆ ಹಾಕೋದಾದ್ರೆ ನಡುವೆ ಹಾಡು ತಲುಪಿಸೋ ಒಬ್ಬ ಡಿಸ್ಟ್ರಿಬ್ಯೂಟರ್ ಬೇಕು, ಆ ಫಾರಂನಲ್ಲಿ ಕಂಟೆಂಟ್ ಐಡಿ ಬೇಕಾ ಅಂತ ಒಂದು ಟಿಕ್ ಇರುತ್ತೆ, ತತ್ವಪದಕ್ಕೆ ಅದನ್ನ ಹಾಕಬೇಡಿ, ಇಲ್ಲಾಂದ್ರೆ ನಾಳೆ ಪಕ್ಕದ ಊರಿನ ತಂಡದ ಮೇಲೆ ನಿಮ್ಮ ಹೆಸರಲ್ಲೇ ಕ್ಲೈಮ್ ಹೋಗುತ್ತೆ. ದುಡ್ಡಿನ ಆಸೆ ಜಾಸ್ತಿ ಇಟ್ಕೋಬೇಡಿ, ಸ್ಪಾಟಿಫೈನವರು 2024ರಿಂದ ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳದ ಹಾಡಿನ ರೆಕಾರ್ಡಿಂಗಿಗೆ ದುಡ್ಡೇ ಕೊಡಲ್ಲ. ಒಂದೊಂದು ಹಾಡಿನದ್ದು ಪುಡಿಗಾಸು ಅಂತಾರೆ, ಆ ಪುಡಿಗಾಸೂ ಹಾಡಿದವರದ್ದೇ ಅಲ್ವಾ?

ಕ್ಯಾಸೆಟ್ ವಿಷಯಕ್ಕೆ ಬರ್ತೀನಿ. ನಲವತ್ತನ್ನೂ ಎರಡು ರಾಶಿ ಮಾಡಿ, ಅಂಗಡಿಯಲ್ಲಿ ಕೊಂಡಿದ್ದು ಒಂದು ಕಡೆ, ನಿಮ್ಮಪ್ಪ ತಾವೇ ಟೇಪ್ ರೆಕಾರ್ಡರಲ್ಲಿ ಹಿಡಿದಿದ್ದು ಇನ್ನೊಂದು ಕಡೆ. ಕೊಂಡಿದ್ದನ್ನ ಮನೇಲಿ ಕೇಳೋಕೆ ಡಿಜಿಟಲ್ ಮಾಡ್ಕೊಳ್ಳಿ, ಸ್ವಂತ ಬಳಕೆಗೆ ಕಾಯ್ದೆಯಲ್ಲೇ ಅವಕಾಶ ಇದೆ, ಯೂಟ್ಯೂಬಿಗೆ ಮಾತ್ರ ಹಾಕಬೇಡಿ. ತಾತಯ್ಯನ ಪದವೇ ಇದ್ರೂ ಆ ರೆಕಾರ್ಡಿಂಗ್ ಕಂಪನಿಯದ್ದು. 60 ವರ್ಷ ಅಂದ್ರೆ 1964ರಲ್ಲಿ ಬಂದ ಗ್ರಾಮಫೋನ್ ಪ್ಲೇಟಿನ ಹಕ್ಕು 2024ರ ಕೊನೆಗೆ ಮುಗಿದಿದ್ದು, 1985ರ ಕ್ಯಾಸೆಟ್ಟಿಗೆ 2045 ಕಳೀಬೇಕು. ಕಂಪನಿ ಮುಚ್ಚಿಹೋಗಿದ್ರೂ ಹಕ್ಕು ಸಾಯಲ್ಲ, ಇನ್ಯಾರಿಗೋ ಮಾರಿರ್ತಾರೆ.

ನಿಮ್ಮಪ್ಪ ಹಿಡಿದಿರೋ ರಾಶಿ ಇದೆಯಲ್ಲ, ಅದೇ ಬೆಲೆ ಕಟ್ಟೋಕಾಗದ್ದು. ಕ್ಯಾಸೆಟ್ ದಾಟಿ ಊರೊಳಗೆ ಬರೋಕೆ ಮುಂಚಿನ ದಾಟಿ ಅಲ್ಲಿರಬಹುದು. ಅದರ ರೆಕಾರ್ಡಿಂಗ್ ಹಕ್ಕು ನಿಮ್ಮ ಮನೆಯದ್ದೇ, ಆದ್ರೆ ಹಾಡಿದವರಿಗೂ 50 ವರ್ಷದ ಹಕ್ಕು ಇರುತ್ತೆ, ಅದಕ್ಕೆ ಅವರ ಅಥವಾ ಅವರ ಮಕ್ಕಳ ಒಪ್ಪಿಗೆ ಒಂದು ಹಾಳೇಲಿ ಬರೆಸ್ಕೊಂಡು ಆಮೇಲೆ ಹಾಕಿ. ಡಿಜಿಟಲ್ ಮಾಡೋವಾಗ ಸಿಕ್ಕ ಪ್ಲೇಯರಿಗೆ ತುರುಕಬೇಡಿ. ಬಿಳೀ ಬೂಷ್ಟು ಹಿಡಿದಿದ್ರೆ ಹಾಗೇ ಓಡಿಸಿದ್ರೆ ಪ್ಲೇಯರಿನ ಹೆಡ್ಡಿಗೆ (ಟೇಪ್ ಓದೋ ಭಾಗಕ್ಕೆ) ಅಂಟಿ ಮಿಕ್ಕ ಕ್ಯಾಸೆಟ್ಟಿಗೂ ಹತ್ತುತ್ತೆ. ಮೊದಲು ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಹಿಂದಕ್ಕೆ ಸುತ್ತಿ ಸಡಿಲ ಮಾಡಿ, ಪ್ರತೀ ಕ್ಯಾಸೆಟ್ಟಿಗೂ ಮುಂಚೆ ಹೆಡ್ಡನ್ನ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ. ಒಳಗಿನ ಪುಟ್ಟ ಸ್ಪಂಜಿನ ಪ್ಯಾಡ್ ಬಿದ್ದುಹೋಗಿದ್ರೆ ಶಬ್ದ ಮಂಕಾಗುತ್ತೆ, ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಟೇಪ್ ವರ್ಗಾಯಿಸಿದ್ರೆ ಸರಿಹೋಗುತ್ತೆ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂನ ಕೂದಲೆಳೆಯಷ್ಟು ತಿರುಗಿಸಿ ತಾಳದ ಶಬ್ದ ಅತೀ ಚೊಕ್ಕವಾಗಿ ಕೇಳೋ ಜಾಗಕ್ಕೆ ತರಬೇಕು, ಇದು ಪ್ರತೀ ಕ್ಯಾಸೆಟ್ಟಿಗೂ ಬೇರೆ, ಗೊತ್ತಿರೋರ ಕೈಲೇ ಮಾಡಿಸಿ. ಸೇವ್ ಮಾಡೋವಾಗ ವೇವ್ ಫೈಲ್, 24 ಬಿಟ್, 48 ಕಿಲೋಹರ್ಟ್ಜ್, ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಲ್ಲಿ. ಎಂಪಿ3 ಬರೀ ವಾಟ್ಸಾಪಲ್ಲಿ ಕಳಿಸೋಕೆ. ಗುಂಯ್ ಅನ್ನೋ ಶಬ್ದ ತೆಗೀತೀನಿ ಅಂತ ಯಾರಾದ್ರೂ ಸಾಫ್ಟ್‌ವೇರ್ ಹಾಕಿದ್ರೆ ಮೂಲ ಫೈಲಿಗೆ ಹಾಕಿಸಬೇಡಿ, ಕಾಪಿಗೆ ಹಾಕಿಸಿ.

ಮತ್ತೆ ಆ ಕ್ಯಾಸೆಟ್ ಡಬ್ಬಿಯೊಳಗಿನ ಕಾರ್ಡ್ ಮೇಲೆ ನಿಮ್ಮಪ್ಪನ ಕೈಬರಹ ಇದ್ದೇ ಇರುತ್ತೆ, ಯಾವ ಊರು, ಯಾವ ವರ್ಷದ ಆರಾಧನೆ, ಯಾರು ಹಾಡಿದ್ದು ಅಂತ. ಆಡಿಯೋ ಮುಟ್ಟೋಕೆ ಮೊದಲು ಅವೆಲ್ಲದರ ಎರಡೂ ಕಡೆ ಫೋಟೋ ತೆಗೆದಿಡಿ. ನಾಳೆ ಆ ದಾಟಿ ತಮ್ಮದು ಅಂತ ಯಾರಾದ್ರೂ ಬಂದ್ರೆ ತೋರಿಸೋಕೆ ಅದೇ ಬೇಕಾಗೋದು.